ಎದುರು ಮನೆಯ ಬಾಯಮ್ಮ

ನಮ್ಮ ಗೇರುಬೀಜಕ್ಕೆ ತೆಲುಗಿನಲ್ಲಿ ಜೀಡಿಪಪ್ಪು ಅಂತಾರೆ. 2005ರಲ್ಲಿ ಹೈದರಾಬಾದಿನ ಜೀಡಿಮೆಟ್ಲಾಕ್ಕೆ ವರ್ಗವಾದಾಗ ಯಾರೋ ಇದನ್ನು ಹೇಳಿದ್ದರಿಂದ, ಗೇರುಮರಗಳಿರುವ ಊರೇ ಇರಬೇಕೆಂದು ಖುಷಿಪಟ್ಟಿದ್ದೆ. ಬಂದು ನೋಡಿದರೆ ಕಾರ್ಖಾನೆ, ಲಾರಿ, ಮೂಗಿಗೆ ಬಡಿಯುವ ರಾಸಾಯನಿಕದ ವಾಸನೆ. ನಮ್ಮದು ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕು. ಈಗ ಅದು ಇನ್ನೊಂದರಲ್ಲಿ ವಿಲೀನವಾಗಿ ಬೋರ್ಡೂ ಉಳಿದಿಲ್ಲ, ಆ ಕಥೆ ಬೇರೆ.

ಬಾಡಿಗೆ ಮನೆಯ ಎದುರಿಗೇ ಮಂಗಳೂರಿನ ಕ್ರೈಸ್ತ ಬಾಯಮ್ಮ ಸಿಕ್ಕಿದ್ದು ನಮ್ಮ ಪುಣ್ಯ. ಗಂಡ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ತೀರಿಕೊಂಡಿದ್ದರು. ಮನೆಯೊಳಗೆ ಕೊಂಕಣಿ, ನನ್ನೊಡನೆ ತುಳು, ಬಯಲುಸೀಮೆಯವಳಾದ ನನ್ನ ಹೆಂಡತಿ ಇದ್ದರೆ ಕನ್ನಡ. ಸೆಪ್ಟೆಂಬರ್ 8ರಂದು ಮೇರಿಯಮ್ಮನ ಹುಟ್ಟುಹಬ್ಬ, ಅವರ ಮೊಂತಿ ಫೆಸ್ತ್. ಊರಿನಿಂದ ಬಸ್ಸಿನಲ್ಲಿ ತರಿಸಿದ ಹೊಸ ತೆನೆಯ ಕಾಳನ್ನು ಪುಡಿಮಾಡಿ ಹಾಲಿಗೆ ಬೆರೆಸಿ ನಮಗೂ ಕೊಡುತ್ತಿದ್ದರು. ನಮ್ಮ ಹೊಸಕ್ಕಿ ಊಟದ ಹಾಗೆಯೇ.

2008ರಲ್ಲಿ ಆ ಹಬ್ಬ ಕಳೆದು ಆರು ದಿನ ಆಗಿತ್ತು. ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯ ಹತ್ತಿರ, ಹೊರಗೆ ಹೆಚ್ಚು ಬಾರದೆ ಪ್ರಾರ್ಥನೆಯಲ್ಲೇ ಇರುವ ಸನ್ಯಾಸಿನಿಯರ ಮಠಕ್ಕೆ ಗುಂಪು ನುಗ್ಗಿ ಶಿಲುಬೆ ಒಡೆದ ಸುದ್ದಿ ಟೀವಿಯಲ್ಲಿ ಬಂತು. ಉಡುಪಿ, ಚಿಕ್ಕಮಗಳೂರು ಕಡೆಯೂ ಅದೇ. ಎದುರು ಮನೆಯ ಬಾಗಿಲು ತಟ್ಟಬೇಕೆಂದು ಎದ್ದೆ. ಏನು ಹೇಳುವುದೆಂದು ತೋಚದೆ ಮತ್ತೆ ಕೂತೆ.

ಮರುದಿನ ಬೆಳಗ್ಗೆ ವಾಕಿಂಗ್ ಮುಗಿಸಿ ಹಾಲಿನ ಬೂತಿನ ಹತ್ತಿರ ನಿಂತಿದ್ದಾಗ ನಮ್ಮ ಊರಿನ ಕಡೆಯವರೇ ಒಬ್ಬರು, “ಮತಾಂತರ ಮಾಡ್ತಾರಲ್ಲ, ಹೀಗೇ ಆಗಬೇಕು ಅವರಿಗೆ” ಅಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ತಿರುಗಿ ನೋಡಿದರೆ ಹಿಂದೆಯೇ ಬಾಯಮ್ಮ, ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಅವತ್ತು ಲೇಮನ್ ಬ್ರದರ್ಸ್ ದಿವಾಳಿಯಾದ ದಿನ. ಬ್ಯಾಂಕಿನಲ್ಲಿ ಎಲ್ಲರಿಗೂ ಅದೇ ಮಾತು, ನನಗೆ ಮಾತ್ರ ಹಾಲಿನ ಬೂತು.

ಎರಡು ದಿನ ಅವರ ಮನೆಯ ಕಡೆ ತಲೆಯೆತ್ತಲಿಲ್ಲ. ಬುಧವಾರ ಸಂಜೆ ಅವರೇ ಒಂದು ಡಬ್ಬಿ ಸಾನ್ನಾ ತಂದರು. “ಈ ಊರಿನ ಕಳ್ಳು ನಂಬುವ ಹಾಗಿಲ್ಲ, ಈಸ್ಟ್ ಹಾಕಿದ್ದೇನೆ” ಅಂದರು. ನಾನು, “ಬಾಯಮ್ಮ, ಮೊನ್ನೆ ಬೆಳಗ್ಗೆ...” ಅಂತ ತೊದಲಿದೆ.

“ಕೇಳಿಸಿತು ಮಾರಾಯ್ರೆ. ಕೂತ್ಕೊಳ್ಳಿ.”

ಆಗ ಹೇಳಿದ್ದು ಅವರ ಅಜ್ಜಿಯಿಂದ ಬಂದ ಕಥೆ. 1784ರ ಫೆಬ್ರವರಿ ಕೊನೆಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಜನ ಅಂತ ಆಮೇಲೆ ಪುಸ್ತಕಗಳಲ್ಲಿ ಹುಡುಕಿದೆ. 30,000ದಿಂದ 80,000ದವರೆಗೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಜಮಾ ಖರ್ಚು ತಾಳೆಯಾಗದಿದ್ದರೆ ನಿದ್ದೆ ಬಾರದ ವೃತ್ತಿ ನನ್ನದು, ಇಲ್ಲಿ ಸೋತೆ. ದಾರಿಯಲ್ಲೇ ಸತ್ತವರು ಬಹಳ. ಬಲವಂತಕ್ಕೆ ಮತ ಬಿಟ್ಟವರೂ ಬಹಳ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಬದುಕಿ ಉಳಿದವರಲ್ಲಿ ಅನೇಕರು ಊರಿಗೆ ಮರಳಿದರು. ಇಗರ್ಜಿಗಳು ನೆಲಸಮವಾಗಿದ್ದವು, ಗದ್ದೆಗಳು ಬೇರೆಯವರ ಕೈಯಲ್ಲಿದ್ದವು. ಬಲವಂತಕ್ಕೆ ಮತ ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳಲು ಅಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಹಿಂದೂಗಳ ಆಚಾರಗಳ ಬಗ್ಗೆ ದೊಡ್ಡ ಪುಸ್ತಕ ಬರೆದದ್ದೂ ಅವರೇ.

“ಸತ್ತವರ ಹೆಸರು ಎಲ್ಲರೂ ಹೇಳ್ತಾರೆ” ಅಂದರು ಬಾಯಮ್ಮ. “ನಮ್ಮ ಅಜ್ಜಿಯ ಮನೆತನ ಹೆದರಿ ಬಿಟ್ಟು, ಮತ್ತೆ ಬಂದವರದ್ದು. ಹೆದರಿದವರನ್ನು ಅವತ್ತು ಹೊರಗೆ ಹಾಕಿದ್ದರೆ ನಾನು ಇವತ್ತು ಜಪಸರ ಹಿಡಿದು ಕೂರುವುದುಂಟಾ?”

ಭಾನುವಾರ ರಾತ್ರಿಯ ಜಪದಲ್ಲಿ ಆ ಸನ್ಯಾಸಿನಿಯರನ್ನು ನೆನೆದರಂತೆ. ಒಡೆದವರನ್ನೂ ಸೇರಿಸಿದರಂತೆ. “ಹೆಸರು ಗೊತ್ತಿಲ್ಲ, ‘ಆ ಮಕ್ಕಳು’ ಅಂತ ಹೇಳಿದೆ. ಸುಲಭ ಏನಲ್ಲ. ಎರಡು ಸಲ ಬಾಯಿ ಬರಲಿಲ್ಲ, ಮೂರನೇ ಸಲಕ್ಕೆ ಬಂತು.”

ನಾನು ದಿನಾ ಬೆಳಗ್ಗೆ ವಿಷ್ಣುಸಹಸ್ರನಾಮ ಹೇಳುವವನು, ಈಗಲೂ ಹೇಳುತ್ತೇನೆ. ಆದರೆ ಆ ಮೂರನೇ ಸಲದ ಮಾತು ಅವತ್ತಿನಿಂದ ನನ್ನ ಜತೆಗಿದೆ.

ಡಬ್ಬಿ ಖಾಲಿ ಹಿಂತಿರುಗಿಸಬಾರದೆಂದು ಹೆಂಡತಿ ಚಕ್ಕುಲಿ ತುಂಬಿಕೊಟ್ಟಳು, ನಾನೇ ಒಯ್ದು ಕೊಟ್ಟೆ. ಹಾಲಿನ ಬೂತಿನ ಆ ಮನುಷ್ಯನಿಗೆ ಉತ್ತರ ಹೇಳಲು ಮಾತ್ರ ಇನ್ನೂ ಎರಡು ವಾರ ಹಿಡಿಯಿತು. ನಾಲ್ಕು ಜನರ ಎದುರೇ ಹೇಳಿದೆ, ಧ್ವನಿ ಸ್ವಲ್ಪ ನಡುಗಿತು. ಅವರು ಮರುದಿನದಿಂದ ಬೇರೆ ರಸ್ತೆಯಲ್ಲಿ ವಾಕಿಂಗ್ ಹೋಗತೊಡಗಿದರು.