ಮದುವೆ ಯಾವ ವರ್ಷ ಆಯ್ತಮ್ಮ?

ತಿಪಟೂರಿನಲ್ಲಿ ನಾನು ಕಪ್ಪು ಕೋಟು ಹಾಕಿಕೊಂಡು ಸೀನಿಯರ ಆಫೀಸಿನ ಬೆಂಚಿನ ತುದಿಯಲ್ಲಿ ಕೂತದ್ದು 1978ರಲ್ಲಿ. ಆಗ ಬರುತ್ತಿದ್ದ ಕಕ್ಷಿದಾರರಲ್ಲಿ ತಮ್ಮ ಪ್ರಶ್ನೆ ತಾವೇ ಕೇಳುವವರು ಕಡಿಮೆ. ತಂಗಿಯ ಪಾಲಿನ ವಿಷಯ ಅಣ್ಣ ಕೇಳುತ್ತಿದ್ದ. ವಿಧವೆ ಸೊಸೆಯ ಹಕ್ಕಿನ ವಿಷಯ ಮಾವ ವಿಚಾರಿಸುತ್ತಿದ್ದ. ಗಂಡ ಬಿಟ್ಟ ಮಗಳ ಕಥೆಯನ್ನು ಅಪ್ಪ ಹೇಳುತ್ತಿದ್ದ. ಮಗಳು ಹೊರಗೆ ಜಗಲಿಯ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. "ಆಯಮ್ಮನ್ನೇ ಒಳಗೆ ಕರೀರಿ, ಅವರೇ ಹೇಳಲಿ" ಎಂದು ಸೀನಿಯರು ಒಮ್ಮೊಮ್ಮೆ ಅಂದರೆ, "ಅವಳಿಗೇನು ಗೊತ್ತಾಗ್ತದೆ ಸ್ವಾಮಿ, ನಾನೇ ಹೇಳ್ತೀನಲ್ಲ" ಅನ್ನುವ ಉತ್ತರ ಬರುತ್ತಿತ್ತು. ಸಹಿ ಬೇಕಾದಾಗ ಮಾತ್ರ ಮಗಳು ಒಳಗೆ ಬಂದು ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದಳು.

ಆಗ ಹೆಚ್ಚು ಕೇಳುತ್ತಿದ್ದ ಪ್ರಶ್ನೆ ಭೂಮಿಯದು. "ಹೆಣ್ಮಕ್ಕಳಿಗೆ ಪಾಲು ಬತ್ತದಾ?" ಕೇಳುತ್ತಿದ್ದವನು ಅಣ್ಣನೋ ತಮ್ಮನೋ, 'ಬರಲ್ಲ' ಅನ್ನಿಸಿಕೊಂಡು ಹೋಗಲು ಬಂದವನು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಉತ್ತರ ಅಷ್ಟು ಸರಳವಾಗಿರಲಿಲ್ಲ. ಸೀನಿಯರು ಹಳೆಯ ಕೇಸ್ ಫೈಲಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಬರೆದು ತೋರಿಸುತ್ತಿದ್ದರು. ಪಿತ್ರಾರ್ಜಿತ ತೋಟ 9 ಎಕರೆ ಅಂತಿಟ್ಟುಕೊಳ್ಳಿ. ತಾಯಿ ಮೊದಲೇ ತೀರಿಕೊಂಡಿದ್ದಾಳೆ. ಈಗ ಅಪ್ಪನೂ ಹೋದ. ಇರುವವರು ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಅಪ್ಪ ಸಾಯುವ ಮುಂಚಿನ ಗಳಿಗೆಯಲ್ಲಿ ಭಾಗ ಆಗಿತ್ತು ಅಂತ ಕಾನೂನು ಊಹಿಸಿಕೊಳ್ಳುತ್ತಿತ್ತು: ಅಪ್ಪನಿಗೆ 3, ಗಂಡುಮಕ್ಕಳಿಗೆ ತಲಾ 3. ಆ ಮೇಲೆ ಅಪ್ಪನ 3 ಎಕರೆ ಮಾತ್ರ ಮೂವರಿಗೂ ಸಮ. ಕೊನೆಗೆ ಗಂಡುಮಕ್ಕಳಿಗೆ ನಾಲ್ಕು ನಾಲ್ಕು, ಮಗಳಿಗೆ ಒಂದು. ಆ ಒಂದು ಎಕರೆಯ ಮಾತು ಕೇಳಿ ಅಣ್ಣಂದಿರ ಮುಖ ಇಳಿಯುತ್ತಿತ್ತು. ಲೆಕ್ಕದ ಹಾಳೆ ಜೇಬಿಗೆ ಹೋಗುತ್ತಿತ್ತು. ತಂಗಿಯ ತನಕ ಅದು ತಲುಪುತ್ತಿದ್ದದ್ದು ಅನುಮಾನ. ಇವತ್ತು ಅದೇ ತೋಟ, ಅದೇ ಮೂವರು ಮಕ್ಕಳಾದರೆ ಮೂರು, ಮೂರು, ಮೂರು.

ಈ ನಡುವೆ 1994 ಬಂತು. ಕರ್ನಾಟಕ ತನ್ನದೇ ತಿದ್ದುಪಡಿ ತಂದು, ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಹಾಗೆ ಹುಟ್ಟಿನಿಂದಲೇ ಹಕ್ಕು ಅಂದಿತು. ಆದರೆ ಒಂದು ಕೊಕ್ಕೆ ಇಟ್ಟಿತು: 30 ಜುಲೈ 1994ಕ್ಕೆ ಮೊದಲೇ ಮದುವೆ ಆದವಳಿಗೆ ಈ ಹಕ್ಕಿಲ್ಲ. ಮುಂದಿನ ಹತ್ತು ಹನ್ನೊಂದು ವರ್ಷ ನಮ್ಮ ಆಫೀಸಿನಲ್ಲಿ ಪಾಲು ಕೇಳಿ ಬಂದ ಹೆಣ್ಣುಮಕ್ಕಳಿಗೆ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ "ಮದುವೆ ಯಾವ ವರ್ಷ ಆಯ್ತಮ್ಮ?" ದಿನಾಂಕ ಸಾಬೀತು ಮಾಡಲು ಲಗ್ನಪತ್ರಿಕೆ ಹುಡುಕಿಸುತ್ತಿದ್ದೆವು. ಅರಿಶಿನ ಹಚ್ಚಿದ ಕಾರ್ಡುಗಳು ನಿಶಾನೆಯಾಗಿ ಕೋರ್ಟಿಗೆ ಹೋದವು. ಕಾರ್ಡು ಸಿಗದಿದ್ದರೆ ಛತ್ರದ ರಸೀದಿ, ಮುಯ್ಯಿ ಬರೆದ ಪುಸ್ತಕ. ಒಂದೇ ಮನೆಯಲ್ಲಿ ಅದೇ ವರ್ಷ ಮೇ ತಿಂಗಳಲ್ಲಿ ಮದುವೆ ಆದ ಅಕ್ಕನಿಗೆ ಹುಟ್ಟಿನ ಹಕ್ಕಿಲ್ಲ, ಶ್ರಾವಣದಲ್ಲಿ ಆದ ತಂಗಿಗೆ ಇದೆ. ಇದು ಯಾಕೆ ಹೀಗೆ ಎಂದು ಅಕ್ಕ ಕೇಳಿದರೆ ಕಾಯಿದೆಯ ಪುಸ್ತಕ ತೋರಿಸಬಹುದಿತ್ತು, ಅಷ್ಟೆ.

9 ಸೆಪ್ಟೆಂಬರ್ 2005ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಮದುವೆಯ ಕೊಕ್ಕೆ ಕಳಚಿತು. ಇನ್ನೊಂದು ಕೊಕ್ಕೆ ಸೇರಿಕೊಂಡಿತು: ಆ ದಿನ ಅಪ್ಪ ಬದುಕಿರಬೇಕೋ ಬೇಡವೋ? ಇದನ್ನು ಎಳೆದಾಡಿದ ಕೇಸುಗಳಲ್ಲಿ ಎರಡು ನಮ್ಮ ರಾಜ್ಯದವೇ. 2015ರಲ್ಲಿ ಫೂಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಪ್ಪ ಬದುಕಿರಬೇಕು ಅಂದಿತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ 2001ರಲ್ಲೇ ತೀರಿಕೊಂಡಿದ್ದ ಅಪ್ಪನ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡಕ್ಕೂ ತಾಳೆಯಾಗದೆ ನಾವು ಒದ್ದಾಡಿದ ಮೇಲೆ, ಕೊನೆಗೆ 11 ಆಗಸ್ಟ್ 2020ರ ವಿನೀತಾ ಶರ್ಮಾ ತೀರ್ಪು ಅಪ್ಪ ಬದುಕಿರಬೇಕಾದ್ದಿಲ್ಲ ಎಂದು ತೆರೆ ಎಳೆಯಿತು. ಹೀಗಾಗಿ ಒಂದೇ ಪ್ರಶ್ನೆಯನ್ನು ಒಬ್ಬ ಹೆಣ್ಣುಮಗಳು 2016ರಲ್ಲಿ ಕೇಳಿದ್ದರೆ 'ಇಲ್ಲ', 2021ರಲ್ಲಿ ಕೇಳಿದ್ದರೆ 'ಇದೆ'. 2016ರಲ್ಲಿ ಬಂದು ಹೋದ ಎಷ್ಟೋ ಜನ ಮತ್ತೆ ಬರಲೇ ಇಲ್ಲ. ಹಳೇ ಡೈರಿ ತೆಗೆದು ಅವರಿಗೆಲ್ಲ ಫೋನು ಮಾಡುವ ಪದ್ಧತಿ ನಮ್ಮ ವೃತ್ತಿಯಲ್ಲಿಲ್ಲ.

ಈಗ ಈ ದಾವೆಗಳಲ್ಲಿ ಜೀವ ಹಿಡಿದುಕೊಂಡಿರುವುದು ಪಂಚಾಯ್ತಿ ಪಾರಿಖತ್ತುಗಳು. ನಮ್ಮ ಕಡೆ ಅಣ್ಣತಮ್ಮಂದಿರು ಭಾಗ ಆಗುವಾಗ ಊರ ನಾಲ್ಕು ಜನ ಕೂತು ಬರೆಸುತ್ತಿದ್ದ ಕಾಗದ ಅದು. ನನ್ನ ಕೈಗೆ ಬಂದ ಒಂದು ಪಾರಿಖತ್ತು 1983ರದು, ಮಡಿಕೆಯ ಗೆರೆಯಲ್ಲೇ ಹರಿದು ನಾಲ್ಕು ಚೂರಾಗಿತ್ತು. ತೋಟದ ಪಡುವಲ ಕಡೆಯ ತೆಂಗಿನ ಸಾಲುಗಳು ಹಿರಿಯವನಿಗೆ, ಮೂಡಲ ಕಡೆಯವು ಕಿರಿಯವನಿಗೆ. ಬಾವಿ ನೀರು ದಿನ ಬಿಟ್ಟು ದಿನ. ಬದುವಿನ ಹುಣಸೆಮರದ ಫಸಲು ಜಂಟಿ. ತಾಯಿಗೆ ಇಬ್ಬರೂ ವರ್ಷಕ್ಕೆ ಇಷ್ಟು ರಾಗಿ, ಎರಡು ಸೀರೆ ಕೊಡತಕ್ಕದ್ದು. ಚಕ್ಕುಬಂದಿ ಚೊಕ್ಕವಾಗಿತ್ತು: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಹಳ್ಳ. ಕೊನೆಗೆ ಒಂದು ಸಾಲು, "ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಕೊಟ್ಟಿರುತ್ತೆ." ಮೂವರು ಅಕ್ಕತಂಗಿಯರಿದ್ದರು, ಒಬ್ಬರ ಹೆಸರೂ ಅದರಲ್ಲಿಲ್ಲ. ಹುಣಸೆಮರಕ್ಕೆ ಸಿಕ್ಕಿದ ಜಾಗ ಅವರಿಗೆ ಸಿಕ್ಕಿರಲಿಲ್ಲ.

ಈಗ ಆ ಕಾಗದ ನಿಲ್ಲುತ್ತದೆಯೇ ಅನ್ನುವುದೇ ಅಣ್ಣಂದಿರ ಪ್ರಶ್ನೆ. 20 ಡಿಸೆಂಬರ್ 2004ಕ್ಕೆ ಮೊದಲು ಆದ ಭಾಗವನ್ನು ಹೊಸ ಕಾನೂನು ಮುಟ್ಟುವುದಿಲ್ಲ. ಆದರೆ ಭಾಗ ಅಂದರೆ ರಿಜಿಸ್ಟರ್ ಆದ ಪತ್ರ ಅಥವಾ ಕೋರ್ಟಿನ ಡಿಕ್ರಿ. ಬಾಯಿಮಾತಿನ ಭಾಗವನ್ನು ಅಪರೂಪಕ್ಕೆ ಒಪ್ಪುವುದುಂಟು, ಅದಕ್ಕೆ ಸರ್ಕಾರಿ ದಾಖಲೆಗಳ ಬೆಂಬಲ ಬೇಕು. ಪಹಣಿ ಆಗಲೇ ಬೇರೆ ಬೇರೆ ಆಗಿತ್ತಾ, ಕಂದಾಯ ಬೇರೆ ಬೇರೆ ಕಟ್ಟಿದ್ದಾರಾ ಎಂದು ನೋಡುತ್ತಾರೆ. ಇನ್ನೊಂದು ಜಗ್ಗಾಟ: ಆದ ಭಾಗವನ್ನು ನೆನಪಿಗೆ ಬರೆದಿಟ್ಟದ್ದೋ, ಈ ಕಾಗದದಿಂದಲೇ ಭಾಗ ಮಾಡಿದ್ದೋ? ಮೊದಲನೆಯದಾದರೆ ರಿಜಿಸ್ಟರ್ ಬೇಕಿಲ್ಲ, ಎರಡನೆಯದಾದರೆ ಬೇಕು. ಆ ಪಾರಿಖತ್ತು ಬರೆದ ಊರ ಮೇಷ್ಟರಿಗೆ ಈ ಭೇದ ಗೊತ್ತಿರಲಿಲ್ಲ. 'ಈ ದಿವಸ ಭಾಗ ಮಾಡಿಕೊಂಡಿರುತ್ತೇವೆ' ಅನ್ನುವ ಅವರ ಒಂದು ವಾಕ್ಯದ ಮೇಲೆ ಪಾಟಿ ಸವಾಲು ದಿನಗಟ್ಟಲೆ ನಡೆಯುತ್ತದೆ.

ಆ ಕಾಲದಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಚೆನ್ನಾಗಿದ್ದರು, ಈಗ ಕೋರ್ಟು ಬಂದು ಮನೆ ಒಡೆಯಿತು ಅನ್ನುವವರು ನಮ್ಮ ಬಾರ್ ರೂಮಿನಲ್ಲೂ ಇದ್ದಾರೆ. ಆ ಚೆಂದಕ್ಕೆ ಕಾರಣ ಅಕ್ಕತಂಗಿಯರನ್ನು ಯಾರೂ ಕೇಳದೆ ಇದ್ದದ್ದು. ಹಾಗಂತ ಈಗಿನದೂ ಪುಕ್ಕಟೆಯಲ್ಲ. ದಾವೆ ಹಾಕಿದ ಹೆಣ್ಣುಮಗಳಿಗೆ ಗೌರಿ ಹಬ್ಬದ ಬಾಗಿನ ಬರುವುದು ನಿಲ್ಲುತ್ತದೆ, ತಾಯಿಯ ತಿಥಿಗೆ ಕರೆಯುವುದಿಲ್ಲ. ಗೆದ್ದರೂ ಕೈಗೆ ಬರುವುದು ಪ್ರಾಥಮಿಕ ಡಿಕ್ರಿ. "ಡಿಕ್ರಿ ಆಯ್ತಲ್ಲ ಸಾರ್, ಜಮೀನು ಯಾವತ್ತು?" ಅಂದರೆ ಇನ್ನು ಅಂತಿಮ ಡಿಕ್ರಿಗೆ ಎಫ್‌ಡಿಪಿ ಅರ್ಜಿ ಹಾಕಬೇಕು, ಕಂದಾಯದ ಜಮೀನಾದ್ದರಿಂದ ಡಿಸಿ ಕಚೇರಿಯ ಮೂಲಕ ತಹಶೀಲ್ದಾರರು, ಸರ್ವೆಯವರು ಬಂದು ಅಳೆಯಬೇಕು ಎಂದು ಹೇಳಬೇಕಾಗುತ್ತದೆ. ಅಷ್ಟರಲ್ಲಿ ನುಸಿ ಬಿದ್ದು ತೆಂಗು ಒಣಗಿರುತ್ತದೆ.

ಇನ್ನು ಬಿಡುಗಡೆ ಪತ್ರ. ಕಾನೂನು ಬದಲಾಯಿತು ಎಂಬ ಸುದ್ದಿ ಅಕ್ಕತಂಗಿಯರಿಗಿಂತ ಮೊದಲು ಅಣ್ಣತಮ್ಮಂದಿರಿಗೆ ಮುಟ್ಟಿತು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕಾರು ಮಾಡಿಕೊಂಡು ಕರೆತರುವುದು, ಒಂದು ಸೀರೆ, ಕುಪ್ಪಸದ ಕಣ, ಕವರಿನಲ್ಲಿ ಅಷ್ಟು ದುಡ್ಡು. "ಬ್ಯಾಂಕ್ ಸಾಲಕ್ಕೆ ನಿಮ್ಮದೊಂದು ಸಹಿ ಬೇಕು ಕಣಕ್ಕ." ವರ್ಷಗಳಾದ ಮೇಲೆ ಮಗಳೋ ಸೊಸೆಯೋ ಪತ್ರ ಓದಿ ಹೇಳಿದಾಗ "ಸಹಿ ಮಾಡಿಬಿಟ್ಟಿದ್ದೀನಿ, ವಾಪಸ್ ತಗೋಬಹುದಾ?" ಎಂದು ಬರುತ್ತಾರೆ. ಮೋಸ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು, ಮೋಸವನ್ನು ಸಾಬೀತು ಮಾಡುವ ಹೊರೆಯೂ ನಿಮ್ಮದೇ ಅನ್ನುತ್ತೇನೆ. ಫೋಟೋ, ಹೆಬ್ಬೆಟ್ಟು ಎಲ್ಲ ಕಂಪ್ಯೂಟರಿನಲ್ಲಿರುವಾಗ ಅದು ಕಷ್ಟದ ಕೆಲಸ.

ಬದಲಾಗದೆ ಉಳಿದ ತಪ್ಪು ತಿಳಿವಳಿಕೆ ಒಂದಿದೆ: ಖಾತೆ ಯಾರ ಹೆಸರಲ್ಲಿದೆಯೋ ಆಸ್ತಿ ಅವರದು. ಕೈಬರಹದ ಪಹಣಿ ಹೋಗಿ 'ಭೂಮಿ' ತಂತ್ರಾಂಶ ಬಂತು, ಛಾಪಾ ಕಾಗದ ಹೋಗಿ ಇ-ಸ್ಟಾಂಪ್ ಬಂತು, ಈ ನಂಬಿಕೆ ಮಾತ್ರ ಕದಲಲಿಲ್ಲ. ಪೌತಿ ಖಾತೆ ಹಿರಿಯ ಮಗನ ಹೆಸರಿಗೆ ಆಗಿದ್ದರೆ ಅದು ಕಂದಾಯ ಕಟ್ಟುವುದಕ್ಕೆ. ನಾಮಿನಿ ಅಂತ ಬ್ಯಾಂಕಿನಲ್ಲಿ ಹೆಸರು ಕೊಟ್ಟಿದ್ದರೆ ಅದು ದುಡ್ಡು ಈಸಿಕೊಳ್ಳುವುದಕ್ಕೆ. ವಾರಸುದಾರರು ಬೇರೆ. ಮಗ ಅಪಘಾತದಲ್ಲಿ ಹೋದ ಮನೆಗಳಲ್ಲಿ ಇದು ರಾದ್ಧಾಂತವಾಗುತ್ತದೆ. ಹಿಂದೂ ಗಂಡಸು ವಿಲ್ ಬರೆಯದೆ ಸತ್ತರೆ ಹೆಂಡತಿ ಮಕ್ಕಳ ಜೊತೆ ತಾಯಿಗೂ ಸಮಪಾಲು, ತಂದೆಗಿಲ್ಲ. ಇದನ್ನು ಹೇಳಿದಾಗ ಎದುರು ಕೂತ ಅತ್ತೆ ಸೊಸೆ ಇಬ್ಬರೂ ನಂಬುವುದಿಲ್ಲ, ಬೇರೆ ಬೇರೆ ಕಾರಣಕ್ಕೆ.

ಮದುವೆಯ ಪ್ರಶ್ನೆಗಳದು ಇನ್ನೊಂದು ಥರ. ಆಗ 'ಡೈವೋರ್ಸ್' ಎಂದು ಕೇಳಿ ಬಂದವರು ನನಗೆ ನೆನಪಿಲ್ಲ. 'ಬಿಟ್ಟಿದ್ದಾನೆ', 'ತವರಲ್ಲಿದ್ದಾಳೆ' ಅನ್ನುತ್ತಿದ್ದರು. ಜೀವನಾಂಶಕ್ಕೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಅರ್ಜಿ. ಅದರಲ್ಲಿ ಮ್ಯಾಜಿಸ್ಟ್ರೇಟರು ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ, ಆ ಮಿತಿ ತೆಗೆದದ್ದು 2001ರಲ್ಲಿ. ಆ ದುಡ್ಡನ್ನೂ ಕೊಡದೆ, ವಾರಂಟು ಬಂದಾಗ ಗಂಡ ಪಕ್ಕದ ತಾಲೂಕಿಗೆ ಹೋಗಿ ಕೂರುತ್ತಿದ್ದ. ಕೆಲವರು ಪಂಚಾಯ್ತಿಯಲ್ಲಿ ಬರೆಸಿದ ಕಾಗದ ತಂದು 'ಇದರಿಂದ ಬಿಡುಗಡೆ ಆಯ್ತಲ್ಲ' ಅನ್ನುತ್ತಿದ್ದರು. ಆ ಜಾತಿಯಲ್ಲಿ ಅಂಥ ರೂಢಿ ಇತ್ತು ಎಂದು ಸಾಬೀತಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಇನ್ನು ಕೆಲವರು ಮೊದಲ ಹೆಂಡತಿಯಿಂದ ಒಪ್ಪಿಗೆ ಪತ್ರ ಬರೆಸಿಕೊಂಡು ಎರಡನೇ ಮದುವೆ ಆಗಿ ಬರುತ್ತಿದ್ದರು. ಅಂಥ ಒಪ್ಪಿಗೆಗೆ ಕಾನೂನಿನಲ್ಲಿ ಜಾಗವೇ ಇಲ್ಲ, ಎರಡನೇ ಮದುವೆ ಮದುವೆಯೇ ಅಲ್ಲ. ಆ ಮಕ್ಕಳು ಮಾತ್ರ ಅಪ್ಪನ ಮಕ್ಕಳೇ. ಪಿತ್ರಾರ್ಜಿತದಲ್ಲಿ ಅಪ್ಪನ ಭಾಗಕ್ಕೆ ಬರುವ ಪಾಲಿನಲ್ಲಿ ಅವರಿಗೂ ಹಕ್ಕಿದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ರೇವಣಸಿದ್ದಪ್ಪ ಪ್ರಕರಣ; ಅದೂ ನಮ್ಮ ಕರ್ನಾಟಕದ್ದೇ.

ಈಗ ಡೈವೋರ್ಸಿನ ಪ್ರಶ್ನೆ ಕೇಳುವವಳು ಹೆಂಡತಿಯೇ. ಬೆಂಗಳೂರಿನಿಂದ ಫೋನು ಮಾಡುತ್ತಾಳೆ, ಸಂಬಳ ಗಂಡನಿಗಿಂತ ಹೆಚ್ಚಿರುತ್ತದೆ. "ಇಬ್ಬರೂ ಒಪ್ಪಿದ್ದೀವಿ ಸರ್, ಆರು ತಿಂಗಳು ಕಾಯಲೇಬೇಕಾ?" ಬಹಳ ಕಾಲದಿಂದ ಬೇರೆ ಇದ್ದು, ರಾಜಿಗೆ ದಾರಿಯಿಲ್ಲದೆ, ಮಕ್ಕಳ, ಹಣದ ವಿಷಯ ಇತ್ಯರ್ಥವಾಗಿದ್ದರೆ ನ್ಯಾಯಾಲಯ ಅದನ್ನು ಮನ್ನಾ ಮಾಡಬಹುದು ಎಂಬ ತೀರ್ಪು 2017ರದು. ಅವಳಿಗೆ ಅದು ಮೊದಲೇ ಗೊತ್ತಿರುತ್ತದೆ. ಯೂಟ್ಯೂಬಿನಲ್ಲಿ ನೋಡಿರುತ್ತಾಳೆ, ನನ್ನನ್ನು ಕೇಳುವುದು ಖಾತ್ರಿಗೆ. ಹಳ್ಳಿಯ ಹೆಣ್ಣುಮಕ್ಕಳೂ ಫೋನಿನ ವಿಡಿಯೋ ತೋರಿಸಿಯೇ ಮಾತು ಶುರು ಮಾಡುತ್ತಾರೆ. ವಿಡಿಯೋದಲ್ಲಿ ಹೇಳಿದ್ದು ಅರ್ಧ ಸರಿ ಇರುತ್ತದೆ. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ತಾಲೂಕು ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ ಅನ್ನುವುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ವಕೀಲರು ನಾವಾಗಿ ಹೇಳುವುದೂ ಕಡಿಮೆ.

ನಾನು ಸೇರಿದಾಗ ಯಾರೂ ಕೇಳದಿದ್ದ, ಈಗ ವಾರವಾರ ಬರುವ ಪ್ರಶ್ನೆ ಒಂದಿದೆ. "ಮಗನಿಗೆ ದಾನಪತ್ರ ಮಾಡಿಕೊಟ್ಟೆ, ಈಗ ಊಟ ಹಾಕ್ತಿಲ್ಲ. ಜಮೀನು ವಾಪಸ್ ಬತ್ತದಾ?" 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಎಸಿ ಕಚೇರಿಗೆ ಅರ್ಜಿ ಹಾಕಬಹುದು. ಆದರೆ 23ನೇ ಕಲಂನಲ್ಲಿ ಪತ್ರ ರದ್ದಾಗಬೇಕಾದರೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟದ್ದು ಅನ್ನುವುದು ಇರಬೇಕು. ಹೆಚ್ಚಿನ ದಾನಪತ್ರಗಳಲ್ಲಿ 'ಪ್ರೀತಿ ವಿಶ್ವಾಸದಿಂದ' ಎಂದಿರುತ್ತದೆ, ಷರತ್ತು ಇರುವುದಿಲ್ಲ. ಹಾಗಾಗಿ ಈಗ ದಾನಪತ್ರ ಬರೆಸಲು ಯಾರಾದರೂ ಮುದುಕರು ಮಗನ ಜೊತೆ ಬಂದರೆ, ಜೀವ ಇರುವ ತನಕ ನನ್ನ ಊಟ, ಔಷಧಿ, ವಸತಿ ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟಿರುತ್ತೇನೆ ಎಂಬ ಒಂದು ಸಾಲು ಸೇರಿಸಿ ಎಂದು ಮಗನ ಎದುರಿಗೇ ಹೇಳುತ್ತೇನೆ. ಕೆಲವರು ಸೇರಿಸುತ್ತಾರೆ. ಕೆಲವರು ಟೀ ಕುಡಿದು ಬರ್ತೀವಿ ಎಂದು ಎದ್ದು, ಬೇರೆ ಕಡೆ ಬರೆಸಿಕೊಳ್ಳುತ್ತಾರೆ.