ಶಾಲೆಯಲ್ಲೊಂದು ಕೊಲೆ

ಎಡ್ಮಂಡ್ ಕ್ರಿಸ್ಪಿನ್ 1948ರಲ್ಲಿ ಪ್ರಕಟಿಸಿದ ‘ಲವ್ ಲೈಸ್ ಬ್ಲೀಡಿಂಗ್’ ಎಂಬ ಪತ್ತೇದಾರಿ ಕಾದಂಬರಿಯನ್ನು ಈಚೆಗೆ ಓದಿದೆ. ಶಾಲೆಯ ಬಹುಮಾನ ವಿತರಣೆಯ ಹಿಂದಿನ ರಾತ್ರಿ ಇಬ್ಬರು ಅಧ್ಯಾಪಕರ ಕೊಲೆಯಾಗುತ್ತದೆ. ಬಹುಮಾನ ಹಂಚಲು ಬಂದ ಅತಿಥಿಯೇ ಪತ್ತೇದಾರನಾಗುತ್ತಾನೆ. ಲೇಖಕನೂ ಕೆಲಕಾಲ ಅಧ್ಯಾಪಕನಾಗಿದ್ದವನು. ಆದ್ದರಿಂದಲೇ ಅದರಲ್ಲಿನ ಹಾಸ್ಯ ಅಷ್ಟು ಸಹಜ.

ಕುಂದಾಪುರದ ಕಡೆಯ ವಾರ್ಷಿಕೋತ್ಸವಗಳನ್ನು ಕಂಡವರಿಗೆ ಇನ್ನೂ ಹೆಚ್ಚು ನಗು ಬಂದೀತು. ಹೆಣ ಬಿದ್ದರೂ ನಮ್ಮಲ್ಲಿ ವರದಿ ವಾಚನ ನಿಲ್ಲದು, ವಂದನಾರ್ಪಣೆ ತಪ್ಪದು, ಮಕ್ಕಳ ಯಕ್ಷಗಾನದ ಚೆಂಡೆ ಮೌನವಾಗದು!

ಆದರೆ ಆ ಕಥೆಯಲ್ಲಿ ವಿದ್ಯಾರ್ಥಿನಿಯೊಬ್ಬಳೂ ಕಾಣೆಯಾಗುತ್ತಾಳೆ. ಅಲ್ಲಿಗೆ ನನ್ನ ನಗು ನಿಂತಿತು. ಮಳೆಗಾಲದಲ್ಲಿ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಎದೆ ಝಲ್ಲೆನ್ನುತ್ತಿತ್ತು. 2022ರಲ್ಲೂ ಬೈಂದೂರು ತಾಲೂಕಿನಲ್ಲಿ ಕಾಲುಸಂಕ ದಾಟುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ನೀರುಪಾಲಾದಳಲ್ಲವೆ?

ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ನೂರಾರು ಕಾದಂಬರಿಗಳನ್ನು ಬರೆದು, ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದರು. ಪದವಿ ಪಡೆದ ನನ್ನ ಶಿಷ್ಯರೇ, ನಮ್ಮೂರ ಶಾಲೆಯ ಬಗ್ಗೆ ನೀವೂ ಇಂಥದೊಂದನ್ನು ಬರೆಯಬಾರದೆ? ಅಧ್ಯಾಪಕರನ್ನು ಬೇಕಾದರೆ ಕೊಲ್ಲಿ. ಹಾಜರಿ ಪುಸ್ತಕದ ಮಕ್ಕಳೆಲ್ಲರೂ ಕೊನೆಯ ಪುಟದವರೆಗೆ ಕ್ಷೇಮವಾಗಿರಲಿ.