ಎರಡು ಫೋನು, ಒಂದು ದನಿ

ಕಳೆದ ತಿಂಗಳು ಕಡೂರಿನಲ್ಲಿ ಮದುವೆಯೊಂದಕ್ಕೆ ಹೋದಾಗ ಹಳೆಯ ವಿದ್ಯಾರ್ಥಿಯೊಬ್ಬ ಪಕ್ಕದ ಎಲೆಗೆ ಕುಳಿತಿದ್ದ. ಕೋಸಂಬರಿ ಬಡಿಸಿ ಮುಗಿಯುವ ಮೊದಲೇ, "ಸಾರ್, ನಿಮ್ಮ ಮಗ ಐಫೋನ್ ತಂದುಕೊಟ್ಟಿದ್ದಾನಂತೆ, ಮತ್ತೆ ಇನ್ನೂ ಈ ಹಳೇ ಫೋನು ಯಾಕೆ ಸಾರ್?" ಎಂದು ಕೇಳಿದ. ಪಂಕ್ತಿಯಲ್ಲಿ ಕುಳಿತು ಉತ್ತರಿಸುವಂಥ ಪ್ರಶ್ನೆ ಅದಾಗಿರಲಿಲ್ಲ. ಇಲ್ಲಿ ಉತ್ತರಿಸುತ್ತಿದ್ದೇನೆ, ಅವನು ಓದುತ್ತಾನೆಂದು ಬಲ್ಲೆ.

ಕೈಫೋನುಗಳ ಲೋಕದಲ್ಲಿ ಈಗ ಉಳಿದಿರುವುದು ಎರಡು ದೊಡ್ಡ ಮನೆತನಗಳು. ಒಂದು ಆಪಲ್ ಸಂಸ್ಥೆಯದು. 2007ರಲ್ಲಿ ಐಫೋನು, 2010ರಲ್ಲಿ ಐಪ್ಯಾಡು ಬಂದವು; ಯಂತ್ರವೂ ಅವರದೇ, ಅದನ್ನು ನಡೆಸುವ ತಂತ್ರಾಂಶವೂ ಅವರದೇ. ಇನ್ನೊಂದು ಗೂಗಲ್‌ನ ಆಂಡ್ರಾಯ್ಡ್. ಅದರ ಮೊದಲ ಫೋನು 2008ರಲ್ಲಿ ಬಂದಿತು. ತಂತ್ರಾಂಶ ಒಂದೇ ಆದರೂ ಫೋನು ಮಾಡುವವರು ಹಲವರು, ಹಾಗಾಗಿ ಬೆಲೆಯೂ ಹಲವು. ವಿಂಡೋಸ್ ಫೋನೆಂಬ ಮೂರನೆಯ ಮನೆತನವೂ ಇತ್ತು. 2019ರ ಕೊನೆಯ ದಿನದಂದು ವಾಟ್ಸಾಪ್ ಅದರಿಂದ ಕೈ ತೊಳೆದುಕೊಂಡಿತು, ಮರು ತಿಂಗಳು ಅದನ್ನು ಹೆತ್ತ ಸಂಸ್ಥೆಯೇ ಕೈಬಿಟ್ಟಿತು.

ಕನ್ನಡ ಮೇಷ್ಟರಿಗೆ ಮೊದಲ ಪರೀಕ್ಷೆ ಕನ್ನಡದ್ದೇ. ಆಂಡ್ರಾಯ್ಡಿನಲ್ಲಿ ಕನ್ನಡ ಲಿಪಿಗೆ ಸರಿಯಾದ ಆಸರೆ ದೊರೆತದ್ದು 2012ರ 4.1ನೆಯ ಆವೃತ್ತಿಯಲ್ಲಿ, ಅದಕ್ಕೆ ಮುಂಚೆ ನಮ್ಮ ಅಕ್ಷರಗಳ ಜಾಗದಲ್ಲಿ ಬರಿಯ ಚೌಕಗಳು ಕಾಣುತ್ತಿದ್ದುದು ಹಲವರಿಗೆ ನೆನಪಿರಬಹುದು. ಆಪಲ್ ತನ್ನದೇ ಕನ್ನಡ ಕೀಲಿಮಣೆ ಕೊಟ್ಟದ್ದು 2017ರಲ್ಲಿ. ಅದೇ ವರ್ಷ ಗೂಗಲ್, ಮಾತನಾಡಿದರೆ ಕನ್ನಡದಲ್ಲಿ ಬರೆದುಕೊಳ್ಳುವ ಸೌಲಭ್ಯವನ್ನೂ ತಂದಿತು. ಇಂದು ಎರಡರಲ್ಲಿಯೂ ಬರೆಯಬಹುದು. ಆ ಜಗಳ ಮುಗಿದಿದೆ.

ನನ್ನ ಮಗ ಅಮೆರಿಕದಲ್ಲಿದ್ದಾನೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಅವನು ಕೊಡಿಸಿದ ಐಪ್ಯಾಡಿನಲ್ಲಿ ಅಕ್ಷರಗಳನ್ನು ಹಿಗ್ಗಿಸಿ ಓದುವುದು ನನಗೆ ದೊಡ್ಡ ಉಪಕಾರವಾಗಿದೆ. ಕಳೆದ ದೀಪಾವಳಿಗೆ ಬಂದಾಗ ಐಫೋನನ್ನೂ ತಂದ. "ಅಪ್ಪಾ, ಎರಡೂ ಒಂದೇ ಕಡೆಯವಾದರೆ ಫೋಟೋಗಳು ತಾವಾಗಿಯೇ ಎರಡರಲ್ಲೂ ಬರುತ್ತವೆ, ಮೊಮ್ಮಗಳ ಜೊತೆ ಫೇಸ್‌ಟೈಮ್ ಎಲ್ಲಿಂದ ಬೇಕಾದರೂ ಆಗುತ್ತದೆ" ಎಂದ. ಸರಿಯಾದ ಮಾತೇ. 2021ರಿಂದ ಆಂಡ್ರಾಯ್ಡಿನವರೂ ಕೊಂಡಿ ಕಳಿಸಿದರೆ ಫೇಸ್‌ಟೈಮಿಗೆ ಬರಬಹುದು, ಆದರೆ ತಾವಾಗಿ ಕರೆಯಲಾರರು. ನೆಂಟರ ಮನೆಗೆ ಕರೆದಾಗ ಮಾತ್ರ ಹೋಗುವ ಹಾಗೆ. ನಾನು ಒಪ್ಪಿದೆ. ಅವನು ಹೊರಟ ಮೇಲೆ ಹಳೆಯ ಫೋನನ್ನು ಬದಲಿ ಯೋಜನೆಗೆ ಕೊಡಲು ಅಂಗಡಿಗೆ ಹೋದೆ.

ಆ ಹಳೆಯ ಫೋನಿನಲ್ಲಿ ನನ್ನ ಅಕ್ಕನ ದನಿಯಿತ್ತು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನನ್ನನ್ನು ಕಂಕುಳಲ್ಲಿ ಹೊತ್ತು ತಿರುಗಬೇಕಾಗಿ ಬಂದುದರಿಂದಲೇ ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಬೇಸಿಗೆ ರಜೆಯಲ್ಲಿ ಸ್ಲೇಟು ಹಿಡಿಸಿ ಅವಳಿಗೆ ಅಕ್ಷರ ಕಲಿಸಲು ಕುಳಿತೆ. ನಾಲ್ಕನೆಯ ದಿನ "ಹಸು ಕರೆಯೋ ಹೊತ್ತಾಯ್ತು ಕಣೋ" ಎಂದು ಎದ್ದುಹೋದಳು. ಮತ್ತೆ ನಾನೂ ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತು. ನೂರಾರು ಮಕ್ಕಳ ಕಾಗುಣಿತ ತಿದ್ದಿದವನಿಗೆ ಅಕ್ಕನಿಂದ ಒಂದು ಸಾಲಿನ ಪತ್ರವೂ ಬರಲಿಲ್ಲ. 2017ರಲ್ಲಿ ಅವಳ ಮಗ ಒಂದು ಆಂಡ್ರಾಯ್ಡ್ ಫೋನು ಕೊಡಿಸಿ, ವಾಟ್ಸಾಪಿನ ಮೈಕಿನ ಗುರುತನ್ನು ಒತ್ತಿಹಿಡಿದು ಮಾತನಾಡುವುದನ್ನು ಕಲಿಸಿದ. ಅಲ್ಲಿಂದ 2023ರಲ್ಲಿ ತೀರಿಕೊಳ್ಳುವವರೆಗೆ ಅವಳು ನನಗೆ ಬರೆದ ಪತ್ರಗಳೆಂದರೆ ಆ ದನಿಗಳೇ.

ಅಂಗಡಿಯ ಹುಡುಗ, "ಗೂಗಲ್‌ನಲ್ಲಿ ಬ್ಯಾಕಪ್ ಇದೆ ಸಾರ್, ಎಲ್ಲಾ ಬರುತ್ತೆ" ಎಂದು ಹಳೆಯ ಫೋನನ್ನು ಅಳಿಸಲು ಹೊರಟ. ಉತ್ತರ ಬರೆದ ಮೇಲೆ ತಾಳೆ ನೋಡು ಎಂದು ಮೂವತ್ತು ವರ್ಷ ಹೇಳಿದ ಬಾಯಿ. "ಮೊದಲು ಹೊಸದರಲ್ಲಿ ತೋರಿಸಪ್ಪ" ಎಂದೆ. ತೋರಿಸಿದ. ವಾಟ್ಸಾಪ್ ಖಾಲಿಯಿತ್ತು. ಆಂಡ್ರಾಯ್ಡಿನ ವಾಟ್ಸಾಪ್ ತನ್ನ ಪ್ರತಿಯನ್ನು ಗೂಗಲ್‌ನಲ್ಲಿ ಇಡುತ್ತದೆ, ಐಫೋನಿನದು ಆಪಲ್‌ನ ಐಕ್ಲೌಡಿನಲ್ಲಿ ಹುಡುಕುತ್ತದೆ. ಒಂದರ ಬೀಗದ ಕೈ ಇನ್ನೊಂದಕ್ಕೆ ಹೊಂದುವುದಿಲ್ಲ. ಸಾಗಿಸುವ ದಾರಿ 2022ರಿಂದ ಇದೆಯಂತೆ, ಆದರೆ ಐಫೋನು ಇನ್ನೂ ಬಳಕೆಗೆ ಅಣಿಗೊಳಿಸದ ಹೊಸದಾಗಿರಬೇಕು, ಇಲ್ಲವೇ ಅದನ್ನೇ ಅಳಿಸಿ ಮೊದಲಿನಿಂದ ಶುರುಮಾಡಬೇಕು. ಮಗ ಅದನ್ನು ಆಗಲೇ ಅಣಿಗೊಳಿಸಿ ಕೊಟ್ಟಿದ್ದ. ನಾನು ಎರಡೂ ಫೋನುಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಅಂದು ಕೈ ನಡುಗುತ್ತಿದ್ದುದನ್ನು ನನ್ನಾಕೆಗೆ ಹೇಳಲಿಲ್ಲ.

ಐಫೋನು ಈಗ ಅವಳ ಬಳಿ ಇದೆ. ಮೊಮ್ಮಗಳ ಫೇಸ್‌ಟೈಮ್ ಕರೆ ಅವಳಿಗೇ ಬರುತ್ತದೆ. ಹೊಸದಾಗಿ ಕೊಳ್ಳುವವರು ಮನೆಯವರ ಬಳಿ ಯಾವುದಿದೆಯೋ ಅದನ್ನೇ ಕೊಳ್ಳಿರಿ, ಹಳೆಯದನ್ನು ಮಾತ್ರ ಒಂದು ತಿಂಗಳು ಯಾರಿಗೂ ಕೊಡಬೇಡಿರಿ.

ಹಳೆಯ ಫೋನಿನ ಧ್ವನಿ ಕಡತಗಳನ್ನೆಲ್ಲ ಪಕ್ಕದ ಮನೆಯ ಹುಡುಗಿಯ ನೆರವಿನಿಂದ ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ಇಳಿಸಿಕೊಂಡಿದ್ದೇನೆ. ಕಡತದ ಹೆಸರಿನಲ್ಲಿ ತಾರೀಖು ಇರುತ್ತದೆ, ಮಾತನಾಡಿದವರ ಹೆಸರಿರುವುದಿಲ್ಲ. ಹಾಗಾಗಿ ಅಕ್ಕನದನ್ನು ಬೇರೆ ಮಾಡಬೇಕಾದರೆ ಎಲ್ಲವನ್ನೂ ಕೇಳಲೇಬೇಕು. ದಿನಾ ಸಂಜೆ ಕೇಳುತ್ತಿದ್ದೇನೆ. ಹಾಲಿನವನು, ನಿವೃತ್ತ ನೌಕರರ ಸಂಘದವರು, ನಡುನಡುವೆ ನನ್ನದೇ ಒಣ ಗಂಟಲು, ಆಮೇಲೆ ಇದ್ದಕ್ಕಿದ್ದಂತೆ, "ತಮ್ಮಾ, ಊಟಾಯ್ತಾ? ಇಲ್ಲಿ ಮಳೆ ಹಿಡ್ಕಂಡೈತೆ." ನಿನ್ನೆ 2020ರ ಜೂನ್ ತಿಂಗಳಿಗೆ ಬಂದೆ. ಇನ್ನೂ ಮೂರು ವರ್ಷ ಬಾಕಿಯಿದೆ.